ಒಂಬತ್ತು ಭಾಗದ ಪಿಚ್ಚರಿಗೆ ಕಾಕಾ ಹೇಳಿದ ಅರ್ಥ

ನಿರ್ವಾತದಲ್ಲಿ ಶಬ್ದ ಹರಿಯುವುದಿಲ್ಲ ಎಂದು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಪರೀಕ್ಷೆಗೆ ಬಂದೇ ಬರುತ್ತದೆ ಎಂದು ಹೆದರಿಸಿ ಹೊಟ್ಟೆ ಹೊರೆಯುವವಳು ನಾನು. ಹುಬ್ಬಳ್ಳಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅದೇ ನಾನು, ನಿರ್ವಾತದಲ್ಲಿ ಉಳ್ಳಾಗಡ್ಡಿ ಲಾರಿಗಿಂತ ಹೆಚ್ಚು ಸಪ್ಪಳ ಮಾಡುತ್ತ ಹೋಗುವ ಆಕಾಶನೌಕೆಯ ಇಂಗ್ಲಿಷ್ ಚಿತ್ರಸರಣಿಯೊಂದನ್ನು ಮೂವತ್ತಮೂರು ವರ್ಷಗಳಿಂದ ಒಂದು ಭಾಗವನ್ನೂ ಬಿಡದೆ ನೋಡಿದ್ದೇನೆ. ಒಟ್ಟು ಒಂಬತ್ತು ಭಾಗ. ಅದರಲ್ಲಿ ಎರಡು ಛಲೋ ಇವೆ, ಮೂರನ್ನು ಸಹಿಸಬಹುದು, ಉಳಿದ ನಾಲ್ಕನ್ನು ತೆಗೆದವರನ್ನು ಅದೇ ನೌಕೆಯಲ್ಲಿ ಕೂಡಿಸಿ ತಿರುಗಿ ಬರದಂತೆ ಕಳಿಸಬೇಕು. ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ, ಗೊತ್ತಿದೆ. ಅಭಿಮಾನಿಗಳು ಕೇಳದಿದ್ದರೂ ಹೇಳುವ ಜಾತಿ.

ಕಥೆ ಇಷ್ಟೇ. ಭೂಮಿ ಬತ್ತಿಹೋಗಿದೆ. ಸಾವಿರಾರು ಜನರಿಗೆ ನಿದ್ದೆಯ ಮದ್ದು ಕೊಟ್ಟು, ಒಂದು ಭಾರಿ ನೌಕೆಯಲ್ಲಿ ತುಂಬಿಕೊಂಡು, ಒಬ್ಬ ಕಪ್ತಾನ ಬೇರೆ ಗ್ರಹ ಹುಡುಕುತ್ತ ಹೊರಟಿದ್ದಾನೆ. ಅವನ ಜೊತೆಗೆ ನಾಲ್ಕು ಕಾಲಿನ ಒಂದು ಯಂತ್ರ. ಹಿಂದಿನಿಂದ ಬೂದು ಬಣ್ಣದ ಕೋಟು ಹಾಕಿದ ಒಬ್ಬ ಗಂಭೀರ ಮನುಷ್ಯ ಇನ್ನೊಂದು ನೌಕೆಯಲ್ಲಿ ಬೆನ್ನಟ್ಟಿ ಬರುತ್ತಿದ್ದಾನೆ. ಪ್ರತಿ ಭಾಗದಲ್ಲೂ ಒಂದು ಗ್ರಹ ಸಿಗುತ್ತದೆ, ಪ್ರತಿ ಭಾಗದ ಕೊನೆಗೂ ಅದು ಕೈತಪ್ಪುತ್ತದೆ. ನಮ್ಮಲ್ಲಿ ಕನ್ಯಾ ನೋಡಲು ಹೋಗುವವರು ಕೂಡ ಇಷ್ಟು ವರ್ಷ ತಿರುಗುವುದಿಲ್ಲ.

ಆದರೆ ನಾನು ಇದನ್ನು ನೋಡಿದ್ದು ಇಂಗ್ಲಿಷಿನಲ್ಲಿ ಅಲ್ಲ, ನಮ್ಮ ಕಾಕಾನ ಬಾಯಲ್ಲಿ. ಅಪ್ಪನ ತಮ್ಮ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ದರ್ಜಿ ಅಂಗಡಿ ಇಟ್ಟಿದ್ದ. ಆ ಕಾಲಕ್ಕೆ ಊರಿನ ಒಂದು ಹಳೇ ಟಾಕೀಜಿನ ತೆರೆ ಹರಿದಿತ್ತು. ಹೊಸದು ತರುವಷ್ಟು ಉದಾರಿಯಲ್ಲದ ಮಾಲೀಕ ಕಾಕಾನನ್ನು ಕರೆದು ಹೊಲಿಸಿದ. ಅಂದಿನಿಂದ ಕಾಕಾನಿಗೂ ಅವನ ಜೊತೆಗೆ ಬಂದವರಿಗೂ ಪುಕ್ಕಟೆ ಪ್ರವೇಶ. ಆ ಹೊಲಿಗೆ ತೆರೆಯ ಮೇಲೆ ಎಡದಿಂದ ಬಲಕ್ಕೆ ಓರೆಯಾಗಿ ಹೋಗಿತ್ತು. ಆಕಾಶಕ್ಕೆ ನಡುವೆ ಒಂದು ಹೊಲಿಗೆ ಇರುತ್ತದೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಭೌತಶಾಸ್ತ್ರದಲ್ಲಿ ನನ್ನ ಮೊದಲ ತಪ್ಪು ಅದು.

ನಾವು ಧಾರವಾಡದಲ್ಲಿ ಇದ್ದೆವು. ಅಪ್ಪ ಅಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರು. ರಜೆ ಬಂದರೆ ನನ್ನನ್ನು ಹುಬ್ಬಳ್ಳಿಗೆ, ಕಾಕಾನ ಮನೆಗೆ ಸಾಗಹಾಕುತ್ತಿದ್ದರು. ಎಂಟು ವರ್ಷದವಳಿದ್ದಾಗ ಮೊದಲನೇ ಭಾಗಕ್ಕೆ ಕಾಕಾ ಕರೆದುಕೊಂಡು ಹೋದ. ತೆರೆಯ ಮೇಲೆ ಕಪ್ತಾನ ಏನೋ ಗಡಗಡ ಮಾತಾಡಿದ. ನಾನು ಕಾಕಾನ ತೋಳು ಜಗ್ಗಿದೆ.

"ಕಾಕಾ, ಏನಂದ?"

ಕಾಕಾ ಒಂದು ಕ್ಷಣ ತಡೆದು, "ಏನಂದ ಅಂದ್ರ, ನಮ್ಮ ಉಪ್ಪಿನಬೆಟಗೇರಿ ಬಿಟ್ಟ ಮ್ಯಾಲೆ ಇಂಥಾ ಬ್ಯಾಸಗಿ ನಾ ಎಲ್ಲೂ ನೋಡಿಲ್ಲ ಅಂದ" ಎಂದ.

ಉಪ್ಪಿನಬೆಟಗೇರಿ ಧಾರವಾಡದ ಹತ್ತಿರ ನಮ್ಮ ಹಿರಿಯರ ಊರು. ಕಪ್ತಾನನೂ ಅಲ್ಲಿಯವನೇ ಎಂದು ತಿಳಿದು ನನಗೆ ಮೈ ಜುಮ್ಮೆಂದಿತು. ಮುಂದಿನ ಎರಡೂವರೆ ತಾಸು ಕಾಕಾ ಒಂದು ಮಾತನ್ನೂ ಬಿಡದೆ ಕನ್ನಡಕ್ಕೆ ತಂದ. ನಾಲ್ಕು ಕಾಲಿನ ಯಂತ್ರ ಕಬ್ಬಿಣದ ಎಮ್ಮೆ. ಹಿಂಡಿದರೆ ಎಣ್ಣೆ ಕೊಡುತ್ತದೆ, ಅದರಿಂದಲೇ ನೌಕೆ ನಡೆಯುತ್ತದೆ. ನಿದ್ದೆಯಲ್ಲಿರುವ ಜನ ಮದುವೆಗೆ ಹೊರಟ ದಿಬ್ಬಣದವರು. ಊಟ ಬಹಳಾಗಿ ಮಲಗಿದ್ದಾರೆ. ಬೂದು ಕೋಟಿನವನು ಕಪ್ತಾನನ ಸ್ವಂತ ಅಣ್ಣ.

ಈ ಅಣ್ಣನ ಸಂಗತಿಯನ್ನು ಕಾಕಾ ಸುಮ್ಮನೆ ಗಾಳಿಯಲ್ಲಿ ಹೇಳಿರಲಿಲ್ಲ. ದರ್ಜಿ ಲೆಕ್ಕದಲ್ಲಿ ಹೇಳಿದ್ದ. "ಇಬ್ಬರದೂ ಎಡಭುಜ ನೋಡು. ಒಂದ ಬೆರಳ ಇಳದೈತಿ. ಒಂದ ತಾಯಿ ಮಕ್ಕಳಿಗೆ ಮಾತ್ರ ಹಂಗ ಇರತೈತಿ. ಬಾಯಿ ಸುಳ್ಳ ಹೇಳಬಹುದು, ಭುಜ ಹೇಳೂದಿಲ್ಲ." ಅವನು ಮೂವತ್ತು ವರ್ಷ ಜನರ ಬೆನ್ನು ಅಳೆದವನು. ಬೆನ್ನು ನೋಡಿಯೇ ಸಿಟ್ಟು, ಸಂಕಟ, ಸೊಕ್ಕು ಎಲ್ಲವನ್ನೂ ಹೇಳುತ್ತಿದ್ದ. ಭಾಷೆ ಬಾರದ ಕಡೆ ಅದನ್ನೇ ಓದಿದ. ಅಣ್ಣ ಯಾಕೆ ಬೆನ್ನಟ್ಟಿದ್ದಾನೆ ಎಂದು ಕೇಳಿದ್ದಕ್ಕೆ, "ಸಿಟ್ಟಿನ್ಯಾಗ ಮನಿ ಬಿಟ್ಟ ಹೋದ ತಮ್ಮನ್ನ ಕರಕೊಂಡ ಬರಾಕ ಹೊಂಟಾನ. ದೊಡ್ಡ ಕಲತಾಂವ, ನೆಟ್ಟಗ ಕರಿಯಾಕ ಬರೂದಿಲ್ಲ, ಅದಕ್ಕ ಗುಂಡ ಹೊಡಿತಾನ" ಎಂದ.

ಎರಡನೇ ಭಾಗದ ಹೊತ್ತಿಗೆ ಕಾಕಾನ ಹೆಸರು ಬಾಲ್ಕನಿ ತುಂಬ ಹಬ್ಬಿತ್ತು. ನಮ್ಮ ಹಿಂದಿನ ಸಾಲು, ಮುಂದಿನ ಸಾಲು ಮೊದಲು ತುಂಬುತ್ತಿದ್ದವು. ದುರ್ಗದಬೈಲಿನ ಹಿಂದೆ ಸುಟ್ಟ ಮೋಟರಿಗೆ ತಂತಿ ಸುತ್ತುವ ಒಬ್ಬ ಮುಸಲ್ಮಾನ ಮೆಕ್ಯಾನಿಕ್ ಇದ್ದರು. ಅವರು ಖಾಯಂ ಕಾಕಾನ ಬೆನ್ನ ಹಿಂದಿನ ಕುರ್ಚಿಯಲ್ಲಿ ಕೂತು, ತೆರೆಯ ಮೇಲೆ ಯಾರಾದರೂ ಬಾಯಿ ತೆರೆದರೆ ಸಾಕು, "ದರ್ಜಿ ಕಾಕಾ, ಈಗೇನಂತ?" ಎನ್ನುತ್ತಿದ್ದರು. ಕಾಕಾ ಜವಾಬು ಕೊಡದೆ ಬಿಟ್ಟ ದಿನವಿಲ್ಲ. ಮೂರನೇ ಭಾಗದಲ್ಲಿ ಕಪ್ತಾನ ಒಬ್ಬಂಟಿಯಾಗಿ ನೌಕೆಯ ಕಿಟಕಿಯ ಬಳಿ ನಿಂತು ಬಹಳ ಹೊತ್ತು ಸುಮ್ಮನಿರುತ್ತಾನೆ. ಮೆಕ್ಯಾನಿಕ್ ಆಗಲೂ ಕೇಳಿದರು. ಯಾರೂ ಮಾತಾಡದ ಆ ದೃಶ್ಯಕ್ಕೂ ಕಾಕಾ ಅರ್ಥ ಹೇಳಿದ: "ಅಣ್ಣ ಒಂದ ಸಲ ನೆಟ್ಟಗ ಕರದ್ರ ಸಾಕು, ಮನಿಗೆ ತಿರುಗಿ ಹೋಗ್ತೇನಿ ಅನ್ನಾಕತ್ತಾನ, ಮನಸಿನ್ಯಾಗ." ಇಡೀ ಸರಣಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಮಾತು ಅದು, ಮತ್ತು ಅದು ಸಿನಿಮಾದಲ್ಲಿ ಇಲ್ಲ.

ಆಮೇಲೆ ನಾನು ಬಾಯಿ ಬಿಟ್ಟೆ. ಈ ಕಥೆಯಲ್ಲಿ ಖಳನಾಯಕ ಯಾರು ಎಂದು ಕೇಳಿದರೆ ಬೂದು ಕೋಟಿನವನಲ್ಲ, ನಾನು. ಹದಿನಾಲ್ಕು ವರ್ಷದವಳಿದ್ದೆ. ಅಪ್ಪ ನನ್ನ ಇಂಗ್ಲಿಷ್ ನೋಟುಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಕದನ ನಡೆಸುತ್ತಿದ್ದರು. ಸಿಟ್ಟಿಗೆ ಬಂದು, "ನಿಮಗಿಂತಾ ಕಾಕಾಗ ಛಲೋ ಇಂಗ್ಲಿಷ್ ಬರತೈತಿ. ಇಡೀ ಪಿಚ್ಚರ ನಿಂತ ನಿಂತಲ್ಲೇ ಕನ್ನಡದಾಗ ಹೇಳ್ತಾನ" ಎಂದುಬಿಟ್ಟೆ. ಅಪ್ಪ ಪೆನ್ನಿನ ಮುಚ್ಚಳ ಹಾಕಿದರು. ಕಾಕಾ ನನ್ನನ್ನು ನಾಲ್ಕನೇ ಭಾಗಕ್ಕೆ ಕರೆದೊಯ್ಯಲು ಬಂದಾಗ, "ನಾನೂ ಬರ್ತೇನಿ" ಎಂದು ಚಪ್ಪಲಿ ಮೆಟ್ಟಿದರು. ಕಾಕಾನಿಗೆ ಎಷ್ಟು ಸಂತೋಷವಾಯಿತು ಎಂದರೆ ಅಣ್ಣನಿಗೆಂದು ಹಾದಿಯಲ್ಲಿ ಎರಡು ಪೊಟ್ಟಣ ಶೇಂಗಾ ಹೆಚ್ಚು ಕೊಂಡ.

ಟಾಕೀಜಿನಲ್ಲಿ ಮೊದಲ ಹತ್ತು ನಿಮಿಷ ಅಪ್ಪ ಸುಮ್ಮನಿದ್ದರು. ಬೂದು ಕೋಟಿನವನು ಬಂದ. ಕಾಕಾ ಹುರುಪಿನಿಂದ, "ಬಂದ ನೋಡ್ರೆಪಾ, ಕಪ್ತಾನನ ಅಣ್ಣ" ಎಂದ.

"ಅಂವಾ ಅಣ್ಣ ಅಲ್ಲ" ಎಂದರು ಅಪ್ಪ. "ಹಡಗ ಕಟ್ಟಿದ ಕಂಪನಿ ವಕೀಲ. ಹಡಗ ತಿರುಗಿ ಕೊಡು ಅನ್ನಾಕತ್ತಾನ."

ಕಾಕಾ ನಕ್ಕು ತೇಲಿಸಿದ. ಅಪ್ಪ ಬಿಡಲಿಲ್ಲ. ತಪ್ಪು ಕಂಡರೆ ತಿದ್ದದೆ ಇರಲಾರದ ಮನುಷ್ಯ ಅವರು. ಮದುವೆ ಮಂಟಪದಲ್ಲಿ ಭಟ್ಟರ ಉಚ್ಚಾರವನ್ನೂ ತಿದ್ದಿದವರು. ಎಮ್ಮೆಯಲ್ಲ, ದುರಸ್ತಿಯ ಯಂತ್ರ. ದಿಬ್ಬಣವಲ್ಲ, ವಲಸೆಗಾರರು. ಅರ್ಧ ತಾಸಿನಲ್ಲಿ ಜನ ಕಾಕಾನನ್ನು ಬಿಟ್ಟು, "ಸರ, ನೀವ ಹೇಳ್ರಿ" ಎನ್ನತೊಡಗಿದರು. ಅಪ್ಪ ತರಗತಿಯ ದನಿಯಲ್ಲಿ ಹೇಳಿದರು. ಎಲ್ಲವೂ ಸರಿಯಾಗಿತ್ತು, ಎಲ್ಲವೂ ಸಪ್ಪೆಯಾಗಿತ್ತು. ಮಧ್ಯಂತರದ ದೀಪ ಹತ್ತಿದಾಗ ಮುಂದಿನ ಸಾಲಿನವನೊಬ್ಬ ತಿರುಗಿ, "ಇಷ್ಟ ವರ್ಷ ನಮಗ ಟೋಪಿ ಹಾಕಿದ್ಯಲ್ಲೋ ದರ್ಜಿ" ಎಂದು ನಕ್ಕ. ಸಾಲೆಲ್ಲ ನಕ್ಕಿತು. ಅಪ್ಪ ಅಲ್ಲಿಗಾದರೂ ನಿಲ್ಲಬಹುದಿತ್ತು.

"ಇಂವಾ ಏಳನೇ ಇಯತ್ತೆ ದಾಟಿದಾಂವ ಅಲ್ಲ. ಇಂವಗೆಲ್ಲಿ ಇಂಗ್ಲಿಷ್ ಬರಬೇಕು?" ಎಂದರು, ಎಲ್ಲರಿಗೂ ಕೇಳುವಂತೆ.

ಕಾಕಾ ಎದ್ದ. ಶೇಂಗಾ ಪೊಟ್ಟಣ ನನ್ನ ತೊಡೆಯ ಮೇಲಿಟ್ಟ. ಹೊರಗೆ ಹೋದವನು ಮತ್ತೆ ಬರಲಿಲ್ಲ. ಎರಡನೇ ಅರ್ಧವನ್ನು ಅಪ್ಪನೇ ವಿವರಿಸಿದರು. ನನಗೆ ಒಂದು ಅಕ್ಷರವೂ ನೆನಪಿಲ್ಲ.

ಅವತ್ತು ರಾತ್ರಿ ಅವ್ವ ಅಪ್ಪನಿಗೆ ಊಟ ಬಡಿಸುತ್ತ ಒಂದೇ ಮಾತು ಹೇಳಿದಳು. "ಅಂವಾ ಏಳನೇ ಇಯತ್ತೆಗೇ ಸಾಲಿ ಯಾಕ ಬಿಟ್ಟ ಅಂತ ನೀವ ಹೇಳಬೇಕಾಗಿತ್ತು ಅವರಿಗೆ." ಕಾಕಾ ಸಾಲಿ ಬಿಟ್ಟು ಹೊಲಿಗೆ ಯಂತ್ರ ತುಳಿದದ್ದರಿಂದ ಅಪ್ಪ ಬಿ.ಎ. ಮುಗಿಸಿದ್ದು. ಮಾಸ್ತರಿಕೆಯ ಮೊದಲ ದಿನ ಅಪ್ಪ ಸಾಲಿಗೆ ಹಾಕಿಕೊಂಡು ಹೋದ ಕೋಟು ಹೊಲಿದವನೂ ಅವನೇ. ಅಪ್ಪ ತಟ್ಟೆಯಲ್ಲಿ ಕೈ ತೊಳೆದು ಎದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸಾಲಿ ಮಕ್ಕಳಿಗೆ ಹೇಳಿಕೊಡುವ ಮನೆಯಲ್ಲಿ ಒಬ್ಬರಿಗೂ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ನನಗೂ ಬರಲಿಲ್ಲ.

ಇಪ್ಪತ್ತೇಳು ವರ್ಷ ಅಣ್ಣತಮ್ಮ ಮಾತಾಡಲಿಲ್ಲ. ಹಾಗೆಂದು ಹಾದಿ ಬಿಟ್ಟು ನಡೆದವರಲ್ಲ. ಮದುವೆ, ತೊಟ್ಟಿಲು, ಶ್ರಾದ್ಧ, ಎಲ್ಲದಕ್ಕೂ ಇಬ್ಬರೂ ಬರುತ್ತಿದ್ದರು. ಪಂಕ್ತಿಯಲ್ಲಿ ಪಕ್ಕಪಕ್ಕಕ್ಕೇ ಕೂರುತ್ತಿದ್ದರು. ಮಾತು ಮಾತ್ರ ಮೂರನೆಯವರ ಮೂಲಕ. "ಅವರಿಗೆ ಹೋಳಿಗಿ ಹಾಕ್ರಿ" ಎಂದು ಅಪ್ಪ ಬಡಿಸುವವನಿಗೆ ಹೇಳುವರು. "ಅವರಿಗೆ ಸಕ್ಕರಿ ರೋಗ ಐತಿ, ಎರಡ ಹಾಕಬ್ಯಾಡ್ರಿ" ಎಂದು ಕಾಕಾ ಅದೇ ಬಡಿಸುವವನಿಗೆ ಹೇಳುವನು. ನೀನು, ಅವನು ಎನ್ನುತ್ತಿದ್ದವರು ಅವರು, ಇವರು ಎನ್ನತೊಡಗಿದ್ದರು. ನಮ್ಮ ಕಡೆ ಮರ್ಯಾದೆ ಕೊಡುವುದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಕಾಕಾ ಸಿನಿಮಾ ಬಿಡಲಿಲ್ಲ. ಐದನೇ ಭಾಗಕ್ಕೆ ನನ್ನನ್ನು ಕರೆದುಕೊಂಡೇ ಹೋದ. ಆದರೆ ತುಟಿ ಎರಡು ಮಾಡಲಿಲ್ಲ. ಮೆಕ್ಯಾನಿಕ್ ಹಿಂದಿನಿಂದ ಎರಡು ಸಲ ಕೇಳಿ, ಮೂರನೇ ಸಲ ಕೇಳಲಿಲ್ಲ. ಆಗಲೇ ನನಗೆ ಮೊದಲ ಬಾರಿ ಗೊತ್ತಾದದ್ದು, ಈ ಸಿನಿಮಾ ಎಷ್ಟು ಕೆಟ್ಟದಾಗಿದೆ ಎಂಬುದು.

ಅಭಿಪ್ರಾಯ ಹೇಳುತ್ತೇನೆ ಎಂದಿದ್ದೆನಲ್ಲ, ಈಗ ಹೇಳಿ ಮುಗಿಸುತ್ತೇನೆ. ಐದನೇ ಭಾಗದಲ್ಲಿ ನೌಕೆ ಒಂದು ಕಪ್ಪುಕುಳಿಯೊಳಗೆ ಹೋಗಿ, ಬಚ್ಚಲಿನ ತೂಬಿನಿಂದ ಹೊರಬಂದ ಹಾಗೆ ಆ ಕಡೆ ಬರುತ್ತದೆ. ಇದನ್ನು ಬರೆದವನಿಗೆ ನನ್ನ ತರಗತಿಯಲ್ಲಿ ಸೊನ್ನೆ. ಆರನೆಯದರಲ್ಲಿ ಕಪ್ತಾನನಿಗೆ ಪ್ರೇಮ ಹುಟ್ಟುತ್ತದೆ. ಸಾವಿರಾರು ಜನ ನಿದ್ದೆಯಲ್ಲಿ, ಹಿಂದೆ ವೈರಿ, ಮುಂದೆ ಉರಿಯುವ ನಕ್ಷತ್ರ, ಈ ಮನುಷ್ಯನಿಗೆ ಹಾಡು ಬೇಕು. ಆರನೇ ಭಾಗದ ಬಗ್ಗೆ ಇದಕ್ಕಿಂತ ಹೆಚ್ಚು ಮಾತಾಡಿದರೆ ನನ್ನ ರಕ್ತದೊತ್ತಡ ಏರುತ್ತದೆ. ಏಳರಲ್ಲಿ ಎಲ್ಲರೂ ಸತ್ತರು, ನಾನು ಅತ್ತೆ. ಎಂಟರಲ್ಲಿ ಎಲ್ಲರೂ ಬದುಕಿದರು, ಅತ್ತದ್ದಕ್ಕೆ ನಾಚಿಕೆಯಾಯಿತು. ಸತ್ತವರನ್ನು ಎಬ್ಬಿಸುವುದಾದರೆ ಮೊದಲೇ ಹೇಳಬೇಕು, ಪ್ರೇಕ್ಷಕರ ಕಣ್ಣೀರೇನು ನಳದ ನೀರೇ?

ಕಾಲೇಜಿನ ದಿನಗಳಲ್ಲಿ, ಹಾಸ್ಟೆಲಿನ ಗೆಳತಿಯ ಕಂಪ್ಯೂಟರಿನಲ್ಲಿ, ಕೆಳಗೆ ಅಕ್ಷರ ಬರುವಂತೆ ಹಾಕಿಕೊಂಡು ಹಳೆಯ ಭಾಗಗಳನ್ನು ಮತ್ತೆ ನೋಡಿದ್ದೆ. ಅಪ್ಪ ಹೇಳಿದ್ದು ಒಂದೊಂದೂ ಖರೇ. ಬೂದು ಕೋಟಿನವನು ವಕೀಲನೇ. ಸಾವಿರ ಜ್ಯೋತಿರ್ವರ್ಷ ಅವನು ಬೆನ್ನಟ್ಟಿದ್ದು ಒಂದು ಕರಾರುಪತ್ರ ಹಿಡಿದುಕೊಂಡು. ಕಪ್ತಾನ ಕಿಟಕಿಯ ಬಳಿ ಸುಮ್ಮನೆ ನಿಲ್ಲುವ ದೃಶ್ಯ ಬಂದಾಗ ಪರದೆಯ ಕೆಳಗೆ ಒಂದು ಅಕ್ಷರವೂ ಮೂಡಲಿಲ್ಲ. ಆ ಸಂಜೆ ನನಗೆ ಅಳು ಬಂತು. ಗೆಳತಿ, ಇದೇನು ಅಳುವ ಸಿನಿಮಾ ಎಂದು ನನ್ನ ಮುಖ ನೋಡಿದಳು. ನಮ್ಮ ಕಾಕಾ ಹೇಳಿದ ಕಥೆ ಇದಕ್ಕಿಂತ ಚೆನ್ನಾಗಿತ್ತು ಎಂದು ಅವಳಿಗೆ ಹೇಗೆ ತಿಳಿಸುವುದು? ಮತ್ತು ಆ ಕಥೆಯ ಬಾಯಿ ಕಟ್ಟಿಸಿದವಳು ನಾನೇ ಎಂದು?

ಈಚೆಗೆ ಫೋನಿನಲ್ಲಿ ಈ ಸರಣಿಯ ಅಭಿಮಾನಿಗಳ ಗುಂಪೊಂದಕ್ಕೆ ಸೇರಿದ್ದೆ. ದೇವರಾಣೆ, ಇಷ್ಟು ಗಂಭೀರ ಜನರನ್ನು ನಾನು ಶ್ರಾದ್ಧದಲ್ಲೂ ಕಂಡಿಲ್ಲ. ಒಂದು ದಿನ ತಡೆಯಲಾರದೆ, ಬೂದು ಕೋಟಿನವನು ಕಪ್ತಾನನ ಅಣ್ಣ, ಎಡಭುಜ ನೋಡಿ ಎಂದು ಬರೆದೆ. ನಲವತ್ತು ಮಂದಿ ಮೈಮೇಲೆ ಬಿದ್ದರು. ಒಬ್ಬ, ಇದಕ್ಕೆ ಆಧಾರ ಎಲ್ಲಿದೆ ಎಂದು ಕೇಳಿದ. ದುರ್ಗದಬೈಲಿನಲ್ಲಿ ಎಂದು ಬರೆದೆ. ನನ್ನನ್ನು ಗುಂಪಿನಿಂದ ತೆಗೆದರು.

ಅಷ್ಟರಲ್ಲಿ ಒಂಬತ್ತನೇ ಭಾಗ ಬಂತು. ಇದೇ ಕೊನೆಯದು, ಇನ್ನು ಇಲ್ಲ ಎಂದು ಮಾಡಿದವರೇ ಸಾರಿದ್ದರು. ಅಪ್ಪನಿಗೆ ಎಪ್ಪತ್ತಾರು, ಕಾಕಾನಿಗೆ ಎಪ್ಪತ್ತಮೂರು. ಅಪ್ಪ ಈಗ ದೇಶಪಾಂಡೆ ನಗರದಲ್ಲಿ ನನ್ನ ಮನೆಯಲ್ಲೇ ಇದ್ದಾರೆ. ಪತ್ರಿಕೆ ಬಂದ ಕೂಡಲೇ ಕೆಂಪು ಪೆನ್ನು ಹಿಡಿಯುತ್ತಾರೆ. ಕಾಕಾ ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ಈ ಇಬ್ಬರನ್ನೂ ಒಂದು ಸಾಲಿನಲ್ಲಿ ಕೂಡಿಸಿ ಮಾತಾಡಿಸಲು ಇನ್ನೊಂದು ಭಾಗ ಬರುವುದಿಲ್ಲ ಎಂದು ನನ್ನ ಎದೆಯಲ್ಲಿ ಕುಟ್ಟತೊಡಗಿತು. ಹರಿದವಳು ನಾನು, ಹೊಲಿಯಬೇಕಾದವಳೂ ನಾನೇ.

ಅದರಲ್ಲೊಂದು ತೊಡಕು. ಈ ಸಲ ಕನ್ನಡದಲ್ಲೂ ಡಬ್ ಮಾಡಿದ್ದರು. ತುಣುಕು ನೋಡಿದೆ. ನಮ್ಮ ಕಪ್ತಾನ ಕಬ್ಬಿಣದ ಎಮ್ಮೆಗೆ, "ಏನ್ ಮಗಾ, ರೆಡಿನಾ?" ಎನ್ನುತ್ತಿದ್ದ. ಉಪ್ಪಿನಬೆಟಗೇರಿಯ ಗಂಡಸು ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಕಳೆದುಹೋದಂತಿತ್ತು. ಅದು ಹಾಳಾಗಲಿ, ಕನ್ನಡದಲ್ಲೇ ಆದರೆ ಕಾಕಾ ಯಾರಿಗೆ ಬೇಕು? ಊರಿಗೆಲ್ಲ ಒಂದೇ ಒಂದು ಇಂಗ್ಲಿಷ್ ಆಟವಿತ್ತು, ಮಾಲಿನಲ್ಲಿ, ಬೆಳಗಿನ ಹತ್ತೂವರೆಗೆ. ಅದಕ್ಕೇ ಮೂರು ಟಿಕೆಟ್ ತೆಗೆದೆ.

"ಅಪ್ಪಾ, ಆ ಪಿಚ್ಚರಿನ ಕಡೀ ಭಾಗ ಬಂದೈತಿ. ಬರ್ತೀರೇನ್ರಿ?"

"ನನಗ್ಯಾಕವ್ವಾ ಆ ಹುಚ್ಚ ಪಿಚ್ಚರ" ಎಂದು ಪತ್ರಿಕೆಯ ಪುಟ ಮಗುಚಿದರು. ಎರಡು ನಿಮಿಷ ಬಿಟ್ಟು, "ಅಂವಾ ಬರ್ತಾನೇನು?" ಎಂದರು.

ಅವರು ಎನ್ನಲಿಲ್ಲ. ಅಂವಾ ಎಂದರು. ನಾನು ಗೊತ್ತಿಲ್ಲ ಎಂದೆ. ಕಾಕಾನಿಗೆ ಫೋನು ಮಾಡಿದರೆ ಅವನೂ, "ಅವರು ಬರ್ತಾರೇನವಾ?" ಎಂದ. ಇಲ್ಲ ಎಂದು ಹಸಿ ಸುಳ್ಳು ಹೇಳಿದೆ. ಈ ವಂಶದಲ್ಲಿ ಸುಳ್ಳು ಹೇಳಲು ಬರುವವರು ಇಬ್ಬರೇ, ಕಾಕಾ ಮತ್ತು ನಾನು.

ಮಾಲಿನ ಬಾಗಿಲಲ್ಲಿ ಇಬ್ಬರೂ ಎದುರುಬದುರಾದರು. ಅಪ್ಪ ಮೇ ತಿಂಗಳಿನಲ್ಲೂ ಕೋಟು, ಕಾಕಾ ಧೋತರ, ಬಿಳಿ ಟೋಪಿ. ಯಾರೂ ತಿರುಗಿ ಹೋಗಲಿಲ್ಲ, ಅದೇ ದೊಡ್ಡದು. ಇಬ್ಬರೂ ನನ್ನೊಬ್ಬಳನ್ನೇ ಮಾತಾಡಿಸಿದರು. ತಾನೇ ಮೇಲೇರುವ ಮೆಟ್ಟಿಲಿನ ಮುಂದೆ ಇಬ್ಬರೂ ನಿಂತುಬಿಟ್ಟರು. "ಅವರಿಗೆ ಹೆದರಿಕಿ ಇದ್ರ ಆ ಕಡೆ ಹೋಗೂಣು" ಎಂದು ಅಪ್ಪ ನನಗೆ ಹೇಳಿದರು. "ನನಗೇನ ಹೆದರಿಕಿ ಇಲ್ಲ, ಅವರ ಮೊಣಕಾಲ ಸರಿ ಇಲ್ಲ" ಎಂದು ಕಾಕಾ ನನಗೆ ಹೇಳಿದ. ಕೊನೆಗೆ ಸಾದಾ ಮೆಟ್ಟಿಲು ಹತ್ತಿದೆವು. ಅವರಿಬ್ಬರು ಮುಂದೆ, ನಾನು ಹಿಂದೆ. ಆಗ ಕಂಡಿತು, ಇಬ್ಬರದೂ ಎಡಭುಜ ಒಂದು ಬೆರಳು ಕೆಳಗೆ ಇಳಿದಿದೆ. ಈ ದರ್ಜಿ ಬಾಲ್ಕನಿಯಲ್ಲಿ ಕೂತು ವರ್ಷಗಟ್ಟಲೆ ಯಾರ ಕಥೆ ಹೇಳುತ್ತಿದ್ದ ಎಂದು ನನಗೆ ಆ ಮೆಟ್ಟಿಲಿನ ಮೇಲೆ ತಿಳಿಯಿತು. ಭೌತಶಾಸ್ತ್ರದ ಮೇಡಂಗೆ ಬುದ್ಧಿ ಸ್ವಲ್ಪ ನಿಧಾನ.

ಒಳಗೆ ನಾನು ನಡುವೆ ಕೂತೆ. ಸಿನಿಮಾ ಶುರುವಾಯಿತು, ನೌಕೆ ನಿರ್ವಾತದಲ್ಲಿ ಗುಡುಗಿತು. ಮೊದಲ ಅರ್ಧ ಕಾಕಾ ಕೈಕಟ್ಟಿ ಕೂತಿದ್ದ. ನಾನು ಹಳೆಯ ರೂಢಿಯಂತೆ, "ಕಾಕಾ, ಏನಂದ?" ಎಂದು ಪಿಸುಗುಟ್ಟಿದೆ. "ನೀ ಕಲತಾಕಿ, ನಿನಗ ಗೊತ್ತೈತಿ" ಎಂದ. ನನ್ನ ಹಂಚಿಕೆಯೆಲ್ಲ ಅಲ್ಲಿಗೇ ಮಣ್ಣುಪಾಲಾಯಿತು ಎಂದುಕೊಂಡೆ.

ಮಧ್ಯಂತರದಲ್ಲಿ ಹಿಂದಿನ ಸಾಲಿನಿಂದ ಒಂದು ಕೈ ಕಾಕಾನ ಹೆಗಲ ಮೇಲೆ ಬಿತ್ತು. ಬಿಳಿ ಗಡ್ಡ, ದಪ್ಪ ಕನ್ನಡಕ. ಮೋಟರು ಸುತ್ತುವ ಮೆಕ್ಯಾನಿಕ್. ಜೊತೆಗೆ ಅವರ ಹೆಂಡತಿ.

"ದರ್ಜಿ ಕಾಕಾ ಅಲ್ಲೇನ್ರಿ? ಅರೆ, ನಾ ಟೋಪಿ ನೋಡೇ ಗುರತ ಹಿಡದೆ! ನಮ್ಮ ಮಕ್ಕಳು ಮೊಬೈಲಿನ್ಯಾಗ ಟಿಕೆಟ್ ತಗದು ಇಂಗ್ಲಿಷ್ ಆಟಕ್ಕ ಕಳಸ್ಯಾರ್ರಿ. ಅರ್ಧಾ ಮುಗೀತು, ಏನೂ ತಿಳಿವಲ್ದು. ಈಕಿಗೆ ನಿಮ್ಮ ಬಗ್ಗೆ ಎಷ್ಟ ಹೇಳೇನಿ. ನೀವು ಹೇಳ್ರಿ ಇನ್ನ."

ಕಾಕಾ ತೆರೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. "ನನಗ ಇಂಗ್ಲಿಷ್ ಬರೂದಿಲ್ರಿ" ಎಂದ. "ಆವಾಗೂ ಬರ್ತಿದ್ದಿಲ್ಲ."

ಅಷ್ಟು ತಣ್ಣಗೆ ಹೇಳಿದ. ಮೆಕ್ಯಾನಿಕ್ ಕೈ ಹಿಂದೆ ತೆಗೆದುಕೊಂಡರು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ದೀಪ ಆರಿತು.

ಎರಡನೇ ಅರ್ಧದ ಬಗ್ಗೆ ಅಭಿಮಾನಿಯಾಗಿ ನಾನು ಹೇಳುವುದು ಇಷ್ಟೇ: ಮೂವತ್ತಮೂರು ವರ್ಷ ಕಾಯಿಸಿ ಕೊಡುವಂಥದ್ದಲ್ಲ. ಗ್ರಹ ಕೊನೆಗೂ ಸಿಕ್ಕಿತು, ನೋಡಿದರೆ ಅದು ಭೂಮಿಯೇ. ಬೂದು ಕೋಟಿನವನ ನೌಕೆಗೆ ಬೆಂಕಿ ಬಿತ್ತು. ಕಪ್ತಾನ ಹೋಗಿ ಅವನನ್ನು ಹೊಗೆಯಿಂದ ಎಳೆದು ತಂದ. ಬೂದು ಕೋಟಿನವನು ಸಾಯುವ ಮುಂಚೆ ಅವನ ಅಂಗಿ ಹಿಡಿದು, ಉಸಿರು ಕಟ್ಟಿ ಕಟ್ಟಿ ಒಂದು ಮಾತು ಹೇಳಿದ. ಸ್ಪಷ್ಟ ಇಂಗ್ಲಿಷ್. ಕರಾರಿನ ಪ್ರಕಾರ ನೌಕೆ ಈಗಲೂ ಕಂಪನಿಯದೇ ಎಂದು ಹೇಳಿದ. ಒಂಬತ್ತು ಭಾಗ ದಾಟಿ ಬಂದ ಮನುಷ್ಯನ ಬಾಯಿಗೆ ಇದನ್ನು ಇಟ್ಟವರಿಗೆ ನರಕದಲ್ಲಿ ಬೇರೆ ಕೋಣೆ ಇರಬೇಕು.

ಆಗ ಅಪ್ಪ ನನ್ನ ತೊಡೆಯ ಮೇಲೆ ಕೈ ಊರಿ, ನನ್ನನ್ನು ದಾಟಿ ಆ ಕಡೆ ಬಾಗಿದರು.

"ಏನಂದಲೇ ಅಂವಾ?"

ಕಾಕಾ ತಿರುಗಿದ. ತೆರೆಯ ಬೆಳಕಿನಲ್ಲಿ ಅವನ ಬಾಯಿ ಸ್ವಲ್ಪ ತೆರೆದದ್ದು ಕಂಡಿತು. "ನಿಮಗ ಗೊತ್ತಿಲ್ಲೇನ್ರಿ?" ಎಂದ.

"ಇಲ್ಲ" ಎಂದರು ಅಪ್ಪ. ಮೂವತ್ತೈದು ವರ್ಷ ಇಂಗ್ಲಿಷ್ ಕಲಿಸಿದವರು, ಭಟ್ಟರನ್ನೂ ತಿದ್ದಿದವರು. "ನನಗ ತಿಳೀಲಿಲ್ಲ. ನೀ ಹೇಳು."

ನಾನು ಕುರ್ಚಿಗೆ ಒತ್ತಿಕೊಂಡೆ. ಕಾಕಾ ಟೋಪಿ ತೆಗೆದ, ತಲೆ ಕೆರೆದುಕೊಂಡ, ಮತ್ತೆ ಇಟ್ಟುಕೊಂಡ. ತೆರೆಯ ಮೇಲೆ ಕಪ್ತಾನ ಬೂದು ಕೋಟಿನವನ ಕಣ್ಣು ಮುಚ್ಚುತ್ತಿದ್ದ.

"ಏನಂದ ಅಂದ್ರ" ಎಂದ ಕಾಕಾ, "ತಮ್ಮಾ, ನಾ ಅವತ್ತ ಮಂದ್ಯಾಗ ಬಾಯಿ ಮ್ಯಾಲೆ ಕೈ ಇಟಗೊಂಡ ಸುಮ್ಮ ಕುಂಡ್ರಬೇಕಾಗಿತ್ತು ಅಂದ."

ಅಪ್ಪ ಇನ್ನೂ ಸ್ವಲ್ಪ ಆ ಕಡೆ ಬಾಗಿದರು.

"ಖರೇನ ಹಂಗ ಅಂದನೇನು?"

"ಖರೇನ ಅಂದ, ಅಣ್ಣಾ."

"ಹಂಗಾರ ಛಲೋ ಅಂದಾನ" ಎಂದರು ಅಪ್ಪ. "ಅದಕ್ಕ ಆ ತಮ್ಮ ಏನಂದ?"

"ತಡಿ, ಹೇಳ್ತೇನಿ" ಎಂದು ಕಾಕಾ ನನ್ನನ್ನು ಎಬ್ಬಿಸಿ ನನ್ನ ಕುರ್ಚಿಗೆ ಬಂದು ಕೂತ. ಹಿಂದಿನಿಂದ ಮೆಕ್ಯಾನಿಕ್, "ಜರಾ ಜೋರಾಗಿ ಹೇಳ್ರಿ, ಇಲ್ಲಿತನಾ ಕೇಳವಲ್ದು" ಎಂದರು. ಕಾಕಾ ಜೋರಾಗಿ ಹೇಳಿದ.